ಹನ್ನೊಂದು ರಿವೆಟ್ಟುಗಳ ತೇಪೆ

ಮೂರನೆಯ ರಿವೆಟ್ಟನ್ನು ಕೊರೆದು ತೆಗೆದ ಮೇಲೆ ನಾನು ಕೆಲಸ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ ಎಂಬುದಕ್ಕೆ ನನ್ನ ಬಳಿ ಎರಡು ಉತ್ತರಗಳಿವೆ. ಒಂದು ನೆನಪಿನಲ್ಲಿದೆ, ಇನ್ನೊಂದು ದಿನಚರಿಯಲ್ಲಿದೆ. ನೆನಪು ಹೇಳುವುದು: ಕೊರೆದ ಗುಂಡಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ತಿಳಿನೀಲಿ ಗೆರೆ ಕಂಡಿತು, ಕೈ ತಾನಾಗಿಯೇ ನಿಂತಿತು. ದಿನಚರಿ ಹೇಳುವುದು: "ಡ್ರಿಲ್ಲಿನ ಬಿಟ್ ಮುರಿಯಿತು. ಹೊಸದು ತರಲು ಎದ್ದೆ." ಮೊದಲನೆಯದು ನನಗೆ ಗೌರವ ತರುವ ಉತ್ತರ. ಅದಕ್ಕೇ ನಾನು ಎರಡನೆಯದನ್ನು ನಂಬುತ್ತೇನೆ. ಈ ಬರಹದಲ್ಲಿ ಸಾಧ್ಯವಾದ ಕಡೆಗಳಲ್ಲೆಲ್ಲ ದಿನಚರಿಯನ್ನೇ ಹಿಂಬಾಲಿಸಿದ್ದೇನೆ.

ನಾನು ಕೆಲಸ ಮಾಡುವ ವರ್ಕ್‌ಶಾಪು ಕ್ಯಾಲಿಫೋರ್ನಿಯಾದ ನೆವಾರ್ಕಿನ ಕೈಗಾರಿಕಾ ಬೀದಿಯೊಂದರ ಕೊನೆಯಲ್ಲಿ, ಕೊಲ್ಲಿಯ ಉಪ್ಪಿನ ಮಡಿಗಳಿಗೆ ಬೆನ್ನು ಹಾಕಿಕೊಂಡು ನಿಂತಿದೆ. ಹಳೆಯ ಕಾರುಗಳನ್ನು ಮೊದಲಿದ್ದ ಸ್ಥಿತಿಗೆ ತರುವುದು ಅಲ್ಲಿನ ಕಸುಬು. ನನ್ನ ಪಾಲಿನದು ಅಳತೆ ಮತ್ತು ದಾಖಲೆ. ಯಾವ ಕಾರು ಬಂದರೂ ಬೇರೆ ಯಾರೂ ಕೈಹಚ್ಚುವ ಮೊದಲು ನಾನು ಅದರ ಮೈಯ ಫೋಟೋ ತೆಗೆಯಬೇಕು, ತಗಡಿನ ದಪ್ಪ ಅಳೆಯಬೇಕು, ಯಾವ ಭಾಗ ಮೊದಲಿನದು, ಯಾವುದು ಆಮೇಲೆ ಸೇರಿದ್ದು ಎಂದು ನಕ್ಷೆ ಮಾಡಬೇಕು. ಅಧಿಕೃತ ದಾಖಲೆ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಅನುಮಾನಕ್ಕೆಂದು ಕಾಲಮ್ಮಿಲ್ಲ. ಅನುಮಾನಗಳನ್ನು ನಾನು ಸಂಜೆ ಪಾರ್ಕಿಂಗ್ ಲಾಟಿನಲ್ಲಿ, ಕಾರು ಸ್ಟಾರ್ಟ್ ಮಾಡುವ ಮೊದಲು, ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಬೆರ್ರಿಯೆಸಾದ ಮನೆಗೆ ಹೋಗಿ ಬರೆಯೋಣವೆಂದರೆ, ಫ್ರೀವೇಯ ಮೇಲೆ ಕಳೆಯುವ ಆ ಸ್ವಲ್ಪ ಹೊತ್ತಿನಲ್ಲೇ ನೆನಪು ತನ್ನನ್ನು ತಿದ್ದಿಕೊಂಡುಬಿಟ್ಟಿರುತ್ತದೆ. ಇದನ್ನು ಹಲವು ಸಲ ಕಂಡಿದ್ದೇನೆ.

ಆ ಫ್ರೆಂಚ್ ಕಾರು ಬಂದದ್ದು ಚಳಿಗಾಲದ ಕೊನೆಗೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ, ಇಪ್ಪತ್ನಾಲ್ಕು ಗಂಟೆ ಬಿಡದೆ ಓಡಬೇಕಾದ ಸ್ಪರ್ಧೆಗಾಗಿ ಕಟ್ಟಿದ್ದು. ಆ ಕಾಲದ ಕಾರುಗಳ ಚಕ್ರ, ದೀಪ, ಮಡ್‌ಗಾರ್ಡು ಎಲ್ಲ ಹೊರಗೆ ಚಾಚಿಕೊಂಡಿರುತ್ತಿದ್ದವು. ಇದರಲ್ಲಿ ಗಾಳಿ ಎಲ್ಲಿಯೂ ತಡೆಯದೆ ಜಾರಿಹೋಗಲೆಂದು ಎಲ್ಲವನ್ನೂ ಒಂದೇ ಅಲ್ಯೂಮಿನಿಯಂ ಹೊದಿಕೆಯೊಳಗೆ ಸೇರಿಸಿದ್ದರು. ಮುಂದಿನಿಂದ ನೋಡಿದರೆ ಹೊಳೆಯ ನೀರು ವರ್ಷಾನುಗಟ್ಟಲೆ ಉಜ್ಜಿ ನುಣುಪು ಮಾಡಿದ ಚಪ್ಪಟೆ ಕಲ್ಲು. ಹಿಂದೆ ಹೋಗುತ್ತ ಹೋಗುತ್ತ ಕಿರಿದಾಗಿ ಬಾಲದಂತೆ ಮುಗಿಯುತ್ತದೆ. ಮೈಮೇಲೆ ಯಾರೋ ಬಳಿದ ಕೆಂಪು ಬಣ್ಣವಿತ್ತು. ಓಟದ ದಿನಗಳಲ್ಲಿ ಅದು ತಿಳಿನೀಲಿಯಾಗಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಮಾಲೀಕರ ಬೇಡಿಕೆ ಒಂದೇ: ಓಟ ಮುಗಿಸಿ ನಿಂತ ಗಳಿಗೆಯಲ್ಲಿ ಈ ಕಾರು ಹೇಗಿತ್ತೋ ಹಾಗೆ ಕಾಣಬೇಕು. ಆಗಸ್ಟಿನಲ್ಲಿ ಸಮುದ್ರತೀರದ ಹುಲ್ಲುಹಾಸಿನ ಮೇಲೆ ಪ್ರದರ್ಶನಕ್ಕೆ ನಿಲ್ಲಬೇಕು.

ಮೊದಲ ಮೂರು ವಾರ ನಾನು ದಪ್ಪ ಅಳೆದೆ. ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣವನ್ನು ತಗಡಿನ ಮೇಲಿಟ್ಟರೆ ಅದು ಶಬ್ದದ ಅಲೆ ಕಳಿಸಿ ದಪ್ಪ ಹೇಳುತ್ತದೆ. ಹೆಚ್ಚಿನ ಕಡೆ ಒಂದೂವರೆ ಮಿಲಿಮೀಟರ್. ಎಡ ಮುಂಚಕ್ರದ ಮೇಲೆ ಅಂಗೈಯಗಲ ಜಾಗದಲ್ಲಿ ಒಂದು ದಶಮಾಂಶ ಎರಡು. ಅದನ್ನು "ಕಾರ್ಖಾನೆಯಲ್ಲಿ ಬಡಿಯುವಾಗ ತೆಳುವಾದದ್ದು" ಎಂದು ಬರೆದು ಮುಂದೆ ಹೋದೆ. ಬಲ ಮುಂಚಕ್ರದ ಹಿಂದೆ, ಸುಲಭಕ್ಕೆ ಕಾಣದ ಜಾಗದಲ್ಲಿ, ಒಂದು ತೇಪೆ ಸಿಕ್ಕಿತು. ಪೋಸ್ಟ್‌ಕಾರ್ಡಿನಷ್ಟು ದೊಡ್ಡದು, ಮೂಲೆಗಳು ಸೊಟ್ಟ, ಸುತ್ತ ಹನ್ನೊಂದು ರಿವೆಟ್ಟು. ಎರಡು ರಿವೆಟ್ಟುಗಳ ನಡುವಿನ ದೂರ ಒಂದು ಕಡೆ ಹದಿನೇಳು ಮಿಲಿಮೀಟರ್, ಪಕ್ಕದಲ್ಲೇ ಇಪ್ಪತ್ತಮೂರು. ಅಷ್ಟು ನಾಜೂಕಿನ ಮೈಮೇಲೆ ಅಂಥ ಒರಟು ಕೆಲಸ ಕಣ್ಣಿಗೆ ಚುಚ್ಚುತ್ತಿತ್ತು.

ತಗಡು ಬಡಿಯುವ ಹಿರಿಯರೊಬ್ಬರನ್ನು ವರ್ಕ್‌ಶಾಪಿಗೆ ಕರೆತಂದವಳು ನಾನೇ. ಹಿಂದಿನ ನವೆಂಬರಿನಲ್ಲಿ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನ ಮುಂದೆ ತಟ್ಟೆ ಹಿಡಿದು ನಿಂತಿದ್ದರು. ಮಂಗಳೂರು ಕಡೆಯ ಕೊಂಕಣಿ ಮಾತಿನವರು, ಎಂಬತ್ತು ದಾಟಿತ್ತು. ಬೆಂಗಳೂರಿನಲ್ಲಿ ವಿಮಾನದ ರೆಕ್ಕೆಗೆ ರಿವೆಟ್ ಹೊಡೆಯುವುದನ್ನು ಕಲಿತು, ತರುಣರಾಗಿದ್ದಾಗಲೇ ಇಲ್ಲಿಗೆ ಬಂದು, ಸ್ಯಾನ್ ಹೋಸೆಯಲ್ಲಿ ಕಾರಿನ ಮೈ ರಿಪೇರಿ ಮಾಡುವ ಒಂದು ಬಾಡಿ ಶಾಪಿನಲ್ಲಿ ಮೊದಲ ಕೆಲಸ ಹಿಡಿದವರು. ಅಲ್ಲಿ ತಗಡಿನ ಕೆಲಸಕ್ಕೆ ತಾನೊಬ್ಬನೇ ಇದ್ದದ್ದೆಂದೂ, ಮೀನಿನ ಹಾಗಿದ್ದ ಒಂದು ಫ್ರೆಂಚ್ ಗಾಡಿಗೆ ಕೈ ಹಾಕಿದ್ದೆನೆಂದೂ ಬಿಸಿಬೇಳೆಬಾತಿಗೆ ಕಾಯುತ್ತ ಹೇಳಿದ್ದರು. ಕಾರು ಬಂದಾಗ ಆ ಮಾತು ನೆನಪಾಯಿತು. ಅದರ ಹಳೆಯ ಕಾಗದಗಳಲ್ಲಿ ಆ ಬಾಡಿ ಶಾಪಿನ ಒಂದು ಚೀಟಿಯೂ ಇತ್ತು. ಅದರಲ್ಲಿ "ಮುಂಭಾಗದ ದುರಸ್ತಿ" ಎಂದಷ್ಟೇ ಬರೆದಿತ್ತು.

ಗಿಲ್‌ರಾಯ್ ಊರಿನಿಂದ ಅವರ ಮಗಳು ಅವರನ್ನು ಕರೆದುಕೊಂಡು ಬಂದಳು. ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ಬೆಂಚಿನ ಮೇಲಿದ್ದ ಸುತ್ತಿಗೆಯನ್ನು ಎತ್ತಿ ತೂಗಿ ನೋಡಿದರು. ಕಾರಿನ ಸುತ್ತ ಒಂದು ಸುತ್ತು ಬಂದರು. ತೇಪೆಯ ಮುಂದೆ ಸ್ಟೂಲು ಹಾಕಿಸಿಕೊಂಡು ಕೂತರು. ಒಂದೊಂದು ರಿವೆಟ್ಟನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

"ಇದು ನನ್ನದು," ಎಂದರು ಕೊನೆಗೆ. "ಎಂತ ನೋಡ್ತಿ? ನಾಚಿಕೆಯ ಕೆಲಸ ಮಾರಾಯ್ತಿ ಇದು. ಇಲ್ಲಿಗೆ ಬಂದು ಒಂದು ತಿಂಗಳು ಆಗಿರಲಿಲ್ಲ. ನಾಳೆ ಗಾಡಿ ಹೋಗ್ಬೇಕು ಅಂತ ಯಜಮಾನ ತಲೆ ಮೇಲೆ ನಿಂತಿದ್ದ. ಸ್ಕೇಲು ಸಹ ಇಡದೆ ಹೊಡೆದೆ. ಗಾಡಿ ಕಡುನೀಲಿ ಇತ್ತು. ಅದೇ ಬಣ್ಣ ಮೇಲಿಂದ ಬಳಿದು ಕೊಟ್ಟೆ."

ಸಾಯುವ ಮೊದಲು ಅದನ್ನು ಕಿತ್ತು, ಹೊಸ ತಗಡು ಬಡಿದು, ಜೋಡಣೆಯ ಗೆರೆಯೂ ಕಾಣದ ಹಾಗೆ ಕೂರಿಸಿ ಕೊಡುತ್ತೇನೆ ಎಂದರು. ಕಣ್ಣಿನ ವಿಷಯ ನಾನು ಎತ್ತಲಿಲ್ಲ, ಅವರೇ ಎತ್ತಿದರು. "ಒಂದು ಕಣ್ಣು ಸಾಕು. ಎರಡು ಕಣ್ಣು ಇದ್ದಾಗ ಮಾಡಿದ್ದು ಹೀಗುಂಟಲ್ಲ."

ಆ ದಿನ ಅವರು ರಿವೆಟ್ ಹೊಡೆಯುವವರ ಭಾಷೆಯನ್ನೂ ಹೇಳಿಕೊಟ್ಟರು. ರಿವೆಟ್ಟಿಗೆ ಇಬ್ಬರು ಬೇಕು. ಹೊರಗಿನವನು ತಲೆಯ ಮೇಲೆ ಹೊಡೆಯುತ್ತಾನೆ, ಒಳಗಿನವನು ಬಾಲಕ್ಕೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಾನೆ. ನಡುವೆ ರೆಕ್ಕೆ, ಒಬ್ಬರಿಗೊಬ್ಬರು ಕಾಣುವುದಿಲ್ಲ, ಗದ್ದಲದಲ್ಲಿ ಕೂಗಿದರೆ ಕೇಳುವುದೂ ಇಲ್ಲ. ರಿವೆಟ್ಟು ಹೇಗೆ ಕೂತಿತು ಎಂಬುದು ಒಳಗಿನವನಿಗೆ ಮಾತ್ರ ಗೊತ್ತಾಗುತ್ತದೆ. ಅವನು ತಗಡಿಗೆ ಬಡಿದು ತೀರ್ಪು ಹೇಳುತ್ತಾನೆ. ಒಂದು ಬಡಿತವೆಂದರೆ ಇನ್ನೂ ಹೊಡಿ. ಎರಡೆಂದರೆ ಸರಿಯಾಯಿತು. ಮೂರೆಂದರೆ ಕೆಟ್ಟಿತು, ತೆಗಿ. "ಎರಡು ಬಡಿತ ಕೇಳಿದ ಮೇಲೆ ಹೊರಗಿನವ ಮತ್ತೆ ಅದನ್ನು ನೋಡುವುದೇ ಇಲ್ಲ. ಅಷ್ಟು ನಂಬಿಕೆ," ಎಂದರು.

ಮೀಟಿಂಗಿನಲ್ಲಿ ವರ್ಕ್‌ಶಾಪಿನ ಮುಖ್ಯಸ್ಥೆ ನನ್ನನ್ನು ಕೇಳಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು: ಈ ತೇಪೆ ಯಾವಾಗಿನದು ಎಂಬುದಕ್ಕೆ ಆಧಾರವೇನು? ತೇಪೆ ಹಾಕಿದವರೇ ನಮ್ಮೆದುರು ಕೂತಿದ್ದಾರೆ ಎಂದೆ. ಓಟದ ನಂತರ ಸೇರಿದ್ದಾದರೆ ತೆಗೆಯಬಹುದು ಎಂದು ತೀರ್ಮಾನವಾಯಿತು. ಅಧಿಕೃತ ದಾಖಲೆಯಲ್ಲಿ ಬರೆದೆ: "ಮಾಡಿದವರಿಂದಲೇ ದೃಢಪಟ್ಟಿದೆ." ಅಂದಿನ ದಿನಚರಿಯಲ್ಲಿ ಹೀಗಿದೆ: "ಬಣ್ಣದ ಸ್ಯಾಂಪಲ್ ತೆಗೆಯಬೇಕಿತ್ತು. ಅಂಕಲ್ ಹೇಳಿದ ಮೇಲೂ ಪರೀಕ್ಷೆಗೆ ಕಳಿಸಿದರೆ ಅವರಿಗೆ ಏನನ್ನಿಸೀತು?"

ಈ ಎರಡನೆಯ ವಾಕ್ಯವನ್ನು ಆಮೇಲೆ ಎಷ್ಟೋ ಸಲ ಓದಿದ್ದೇನೆ. ವರ್ಕ್‌ಶಾಪಿನಲ್ಲಿ ನಾನು ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತೇನೆ. ಎಷ್ಟೇ ಅನುಭವಿ ಮೆಕ್ಯಾನಿಕ್ಕಾಗಲಿ, ಆಧಾರ ತೋರಿಸಿ ಎನ್ನುತ್ತೇನೆ, ಅವರೂ ಬೇಸರಿಸುವುದಿಲ್ಲ. ಇವರೊಬ್ಬರು ಅಂಕಲ್ ಆಗಿದ್ದರು. ನನ್ನ ಸ್ವಂತ ನೆನಪನ್ನೇ ನಂಬದವಳು ಅವರ ಐವತ್ತು ವರ್ಷದ ನೆನಪನ್ನು ಒಂದು ಪ್ರಶ್ನೆಯೂ ಇಲ್ಲದೆ ದಾಖಲೆಗೆ ಏರಿಸಿದೆ.

ಏಪ್ರಿಲ್ಲಿನ ಒಂದು ಬೆಳಿಗ್ಗೆ ಕೊರೆಯಲು ಶುರು ಮಾಡಿದೆವು. ಅವರ ಕಣ್ಣಿನ ಕಾರಣಕ್ಕೆ ಡ್ರಿಲ್ಲು ನನ್ನ ಕೈಯಲ್ಲಿತ್ತು, ಲೈಟು ಅವರ ಕೈಯಲ್ಲಿ. ರಿವೆಟ್ಟಿನ ತಲೆಯ ನಟ್ಟನಡುವೆ ಚುಕ್ಕಿ ಹೊಡೆದು, ಸ್ವಲ್ಪ ಸಣ್ಣ ಬಿಟ್ಟಿನಿಂದ ತಲೆಯಷ್ಟೇ ಆಳಕ್ಕೆ ಕೊರೆದು, ತಲೆಯನ್ನು ಮುರಿದು, ಉಳಿದ ಕಾಂಡವನ್ನು ಒಳಕ್ಕೆ ತಟ್ಟಿ ಬೀಳಿಸಬೇಕು. ಒಂದು ಕೂದಲಷ್ಟು ಆಚೀಚೆ ಹೋದರೂ ಮೂಲ ತಗಡಿನ ತೂತು ದೊಡ್ಡದಾಗುತ್ತದೆ. ಒಂದೊಂದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅವರು ಸಂತೋಷವಾಗಿದ್ದರು. ಅವಸರ ಬೇಡ, ಅವಸರ ಮಾಡಿಯೇ ಈ ಗತಿ ಬಂದದ್ದು ಎನ್ನುತ್ತಿದ್ದರು. ಮೂರನೆಯದು ಬಿದ್ದ ಮೇಲೆ, ನಾಲ್ಕನೆಯದಕ್ಕೆ ಬಿಟ್ ಇಡುವಾಗಲೇ ಅದು ಮುರಿಯಿತು. ಹೊಸದು ತರಲು ಎದ್ದೆ. ಅವರು ಫ್ಲಾಸ್ಕಿನ ಚಹಾ ಕುಡಿಯಲು ಹೊರಗೆ ಬಿಸಿಲಿಗೆ ಹೋದರು. ತಿರುಗಿ ಬಂದು ಕೂತಾಗ ಲೈಟು ನೆಲದ ಮೇಲಿಂದ ಓರೆಯಾಗಿ ಬೀಳುತ್ತಿತ್ತು. ಗುಂಡಿಯ ಅಂಚಿನಲ್ಲಿ ಬಣ್ಣದ ಪದರಗಳು ಕಂಡವು. ಮೇಲೆ ಕೆಂಪು. ಅದರಡಿ ಕಡುನೀಲಿ. ಕಡುನೀಲಿಯ ಅಡಿಯಲ್ಲಿ, ಇರಬಾರದ ಜಾಗದಲ್ಲಿ, ತಿಳಿನೀಲಿ.

ಕಾರು ಕಡುನೀಲಿಯಾಗಿದ್ದಾಗ ಹಾಕಿದ ತೇಪೆಯ ಮೇಲೆ ಅದಕ್ಕಿಂತ ಹಳೆಯ ತಿಳಿನೀಲಿ ಹೇಗೆ ಬರುತ್ತದೆ?

ಹೊರಗೆ ಹೋಗಿ, ಇವತ್ತಿಗೆ ಸಾಕು ಅಂಕಲ್, ಬಿಟ್ ಮುಗಿದಿದೆ, ಆರ್ಡರ್ ಮಾಡಬೇಕು ಎಂದೆ. ಡ್ರಾಯರಿನಲ್ಲಿ ಇನ್ನೂ ಒಂಬತ್ತು ಬಿಟ್‌ಗಳಿದ್ದವು.

ಕೊರೆದು ತೆಗೆದ ಮೂರು ಕಾಂಡಗಳನ್ನು ಮೊದಲು ಅಳೆದೆ. ಫ್ರಾನ್ಸಿನದಾದರೆ ನಾಲ್ಕು ಮಿಲಿಮೀಟರ್ ಇರಬೇಕು. ಅಮೆರಿಕದ ಇಂಚಿನ ಲೆಕ್ಕದ ರಿವೆಟ್ಟಾದರೆ ಮೂರು ದಶಮಾಂಶ ಒಂಬತ್ತು ಏಳು. ವ್ಯತ್ಯಾಸ ಒಂದು ತೆಳು ಕಾಗದದಷ್ಟೂ ಇಲ್ಲ. ಸಾಲದ್ದಕ್ಕೆ ಹೊಡೆದಾಗ ಕಾಂಡ ಉಬ್ಬುತ್ತದೆ. ಮೂರೂ ಮೂರು ಅಳತೆ ತೋರಿದವು. ಮೈಕ್ರೋಮೀಟರು ಏನನ್ನೂ ಹೇಳಲಿಲ್ಲ.

ಉಳಿದದ್ದು ಬಣ್ಣ. ಬೆಂಗಳೂರಿನವಳಾದ ನನ್ನ ಗೆಳತಿಯೊಬ್ಬಳು ಒಂದು ಬ್ಯಾಟರಿ ಕಂಪನಿಯಲ್ಲಿ ಲೇಪನಗಳ ಪರೀಕ್ಷೆ ಮಾಡುತ್ತಾಳೆ. ಅವಳ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ, ಎರಡು ಮೈಕ್ರೋಸ್ಕೋಪುಗಳಿವೆ. ಶನಿವಾರ ಸ್ಯಾಂಪಲ್ ತೆಗೆದುಕೊಂಡು ಹೋದೆ. ಡಬ್ಬಿ ತೆರೆದರೆ ಬಣ್ಣದ ಚೂರು ಪುಡಿಯಾಗಿತ್ತು.

"ಏನೇ ಇದು, ಚಿರೋಟಿ ರವೆ ತಂದಿದ್ದೀಯಾ?" ಎಂದಳು.

ಮರುವಾರ ಎರಡನೆಯ ಸಲ, ಹೆಚ್ಚು ಎಚ್ಚರದಿಂದ, ತೇಪೆಯಿಂದ ಒಂದು ಚೂರು, ಮೂಲ ಮೈಯಿಂದ ಒಂದು ಚೂರು ತೆಗೆದೆ. ಅವಳು ಅವನ್ನು ಪಾರದರ್ಶಕ ಅಂಟಿನ ಬಿಲ್ಲೆಯಲ್ಲಿ ಹೂತು, ಅಡ್ಡಲಾಗಿ ತೇಯ್ದು ಹೊಳಪು ಕೊಡಬೇಕು. ಆಗ ಪದರಗಳು ಪುಸ್ತಕದ ಹಾಳೆಗಳಂತೆ ಕಾಣುತ್ತವೆ. ಅದಕ್ಕೆ ಹತ್ತು ದಿನ ಹಿಡಿಯಿತು. ಆ ಹತ್ತು ದಿನವೂ ಅಂಕಲ್ ಫೋನು ಬಂತು. ಬಿಟ್ ಬಂತಾ ಎಂದು ಕೇಳುತ್ತಿದ್ದರು. ಹೊಸ ತಗಡಿಗೆ ಮರದ ಅಚ್ಚು ಮಾಡಿಟ್ಟಿದ್ದೇನೆ, ಮಗಳು ಅಡುಗೆಮನೆಯಲ್ಲಿ ಮರದ ಹೊಟ್ಟು ಎಂದು ಬೈಯುತ್ತಾಳೆ ಎನ್ನುತ್ತಿದ್ದರು. ಇನ್ನೂ ಬಂದಿಲ್ಲ ಅಂಕಲ್ ಎಂದು ಹತ್ತು ದಿನವೂ ಹೇಳಿದೆ. ನೆನಪಿನಲ್ಲಿ ನಾನು ಈ ಸುಳ್ಳನ್ನು ಎರಡೋ ಮೂರೋ ಸಲ ಹೇಳಿದಂತಿದೆ. ದಿನಚರಿಯಲ್ಲಿ ಹತ್ತು ಇದೆ.

ಗೆಳತಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ತೋರಿಸಿದಳು. ಮೂಲ ಮೈಯ ಮೇಲೆ ಕೆಳಗಿನಿಂದ ತಳಬಣ್ಣವಾದ ಬೂದು ಪ್ರೈಮರು, ತಿಳಿನೀಲಿ, ಕಪ್ಪು ಕೊಳೆಯ ಗೆರೆ, ಮತ್ತೆ ತಿಳಿನೀಲಿ, ಕಡುನೀಲಿ, ಕೆಂಪು. ತೇಪೆಯ ಮೇಲೆ ಪ್ರೈಮರಿಲ್ಲ, ಮೊದಲ ತಿಳಿನೀಲಿಯೂ ಇಲ್ಲ. ಬರಿ ಲೋಹ, ಅದಕ್ಕಂಟಿ ಎಣ್ಣೆ ಮತ್ತು ದೂಳಿನ ಕಪ್ಪು ಗೆರೆ, ಅದರ ಮೇಲೆ ಎರಡನೆಯ ತಿಳಿನೀಲಿ, ಕಡುನೀಲಿ, ಕೆಂಪು. ಎಂದರೆ ತೇಪೆ ಹಾಕಿದ್ದು ಕಾರು ತಿಳಿನೀಲಿಯಾಗಿದ್ದಾಗ; ಅದಕ್ಕೆ ಬಣ್ಣ ಹಚ್ಚುವಷ್ಟೂ ಪುರುಸೊತ್ತಿಲ್ಲದೆ ಕಾರು ಮತ್ತೆ ಓಡಿತ್ತು, ಚೆನ್ನಾಗಿ ಕೊಳೆಯಾಗುವಷ್ಟು ಓಡಿತ್ತು. ನಡುವೆ ನಿಲ್ಲಿಸಿ, ಕೈಗೆ ಸಿಕ್ಕ ತಗಡನ್ನು ಕತ್ತರಿಸಿ, ಸ್ಕೇಲು ಇಡದೆ ಹೊಡೆದ ಹನ್ನೊಂದು ರಿವೆಟ್ಟುಗಳು. ಅದು ಆ ಇಪ್ಪತ್ನಾಲ್ಕು ಗಂಟೆಗಳಲ್ಲೇ ಆದದ್ದೆಂದು ನಾನು ಎಲ್ಲಿಯೂ ಬರೆದಿಲ್ಲ. ಹಾಗಿರಬಹುದು ಎಂದು ಬರೆದೆ. ಕಾರಿಗೆ ಕಡುನೀಲಿ ಬಳಿಯುವ ಮೊದಲಿನದು ಎಂಬುದಂತೂ ಖಚಿತ.

"ಮೊದಲೇ ಯಾಕೆ ತರಲಿಲ್ಲ ನೀನು?" ಎಂದು ಕೇಳಿದಳು.

"ಅಂಕಲ್ ತಾನೇ ಮಾಡಿದ್ದು ಅಂದ್ರು ಕಣೇ."

"ನಿನ್ನ ಬಾಸು ಹೇಳಿದ್ರೆ ಹತ್ತು ಪ್ರೂಫ್ ಕೇಳ್ತೀಯ. ಅಂಕಲ್ ಹೇಳಿದ್ರೆ ಕಣ್ಮುಚ್ಚಿ ಸೈನ್ ಹಾಕ್ತೀಯ."

ಅವಳು ನಗುತ್ತ ಹೇಳಿದಳು. ಆಮೇಲೆ ನನ್ನ ಮುಖ ನೋಡಿ ಕಾಫಿ ಮಾಡಲು ಒಳಗೆ ಹೋದಳು. ಹನ್ನೊಂದರಲ್ಲಿ ಮೂರನ್ನು ನಾನು ನನ್ನ ಕೈಯಾರೆ ಹಾಳು ಮಾಡಿದ್ದೆ.

ಆದರೆ ಅಂಕಲ್ ಆ ಕಾರಿಗೆ ಏನನ್ನೋ ಮಾಡಿದ್ದರು, ಬಾಡಿ ಶಾಪಿನ ಚೀಟಿಯಿತ್ತು. ನನ್ನ ದಪ್ಪದ ನಕ್ಷೆಯನ್ನು ಮತ್ತೆ ಹರಡಿಕೊಂಡು ಕೂತೆ. ಎಡ ಮುಂಚಕ್ರದ ಮೇಲಿನ ತೆಳು ಜಾಗ ಆಗ ಮತ್ತೆ ಕಂಡಿತು. ಚಕ್ರ ಬಿಚ್ಚಿಸಿ, ಒಳಗಿನಿಂದ ಲೈಟನ್ನು ಬಹಳ ಓರೆಯಾಗಿ ಹಿಡಿದಾಗ, ಅಲ್ಲಿ ಬೇರೆ ತಗಡನ್ನು ಬೆಸೆದು, ಸುತ್ತಿಗೆಯಿಂದ ಸಮ ಮಾಡಿ, ಅರದಿಂದ ಉಜ್ಜಿದ ಗುರುತು ಕಂಡಿತು. ಉಜ್ಜಿದ ಗೆರೆಗಳೆಲ್ಲ ಒಂದೇ ದಿಕ್ಕಿಗೆ, ಒಂದೇ ಒತ್ತಡದಲ್ಲಿದ್ದವು. ಹೊರಗಿನಿಂದ ಏನೂ ಇಲ್ಲ, ಮೈ ಅಖಂಡ. ಅಲ್ಲಿನ ಬಣ್ಣ ಪರೀಕ್ಷೆ ಮಾಡಿಸಿದೆ. ಕಡುನೀಲಿಯ ಅಡಿಯಲ್ಲಿ ಬರಿ ಲೋಹ. ತಿಳಿನೀಲಿ ಒಂದು ಪದರವೂ ಇರಲಿಲ್ಲ. ಕಾರು ಕಡುನೀಲಿಯಾಗಿದ್ದಾಗ ನಡೆದ ಕೆಲಸ ಅದೇ. ನಾನದನ್ನು ಕಾರ್ಖಾನೆಯದೆಂದು ಬರೆದು ದಾಟಿಹೋಗಿದ್ದೆ.

ಮುಖ್ಯಸ್ಥೆಗೆ ಎಲ್ಲವನ್ನೂ ಹೇಳಿದೆ. ತೇಪೆ ಉಳಿಯಬೇಕು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಆ ಹಿರಿಯರಿಗೆ ಏನು ಹೇಳುವುದು ಎಂಬುದರಲ್ಲಿ ಮಾತ್ರ ಒಮ್ಮತ ಬರಲಿಲ್ಲ. ಮಾಲೀಕರು ಮನಸ್ಸು ಬದಲಾಯಿಸಿದರು ಎಂದರೆ ಸಾಕು, ಈ ವಯಸ್ಸಿನಲ್ಲಿ ಅವರ ನೆನಪನ್ನು ಒಡೆದು ಏನು ಸಾಧಿಸುತ್ತೀಯ ಎಂದು ಮುಖ್ಯಸ್ಥೆ ಕೇಳಿದರು. ಅದು ಕರುಣೆಯ ಮಾತೇ. ಆ ರಾತ್ರಿ ನಾನು ಎರಡು ಪುಟ ಬರೆದಿದ್ದೇನೆ. ಹೇಳದಿದ್ದರೆ, ತನ್ನದಲ್ಲದ ಕೆಲಸಕ್ಕೆ ನಾಚುತ್ತ, ಅದನ್ನು ಸರಿಪಡಿಸುವ ಅವಕಾಶವೂ ತಪ್ಪಿತೆಂದು ಕೊರಗುತ್ತ ಅವರು ಹೋಗುತ್ತಾರೆ. ಹೇಳಿದರೆ, ಉಳಿದಿರುವ ನೆನಪುಗಳನ್ನೆಲ್ಲ ಅನುಮಾನದಿಂದ ನೋಡುವುದನ್ನು ಕಲಿಸಿದಂತೆ. ನನಗದು ಅಭ್ಯಾಸವಾಗಿದೆ, ಅವರಿಗೆ ಯಾಕೆ? ಯಾವುದು ಹೆಚ್ಚಿನ ಹಾನಿ ಎಂದು ಗೊತ್ತಾಗಲಿಲ್ಲ. ಕೊನೆಗೆ ಹೇಳಲು ನಿರ್ಧರಿಸಿದ್ದು ಯಾವ ತತ್ವದಿಂದಲೂ ಅಲ್ಲ. ಫೋನಿನಲ್ಲಿ ಹನ್ನೊಂದನೆಯ ಸಲ ಸುಳ್ಳು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಅಂಕಲ್ ಮರದ ಅಚ್ಚನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ಪದರಗಳ ಫೋಟೋಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತೋರಿಸಿದೆ. ಬಿಟ್ ಇತ್ತು, ನಾನು ಸುಳ್ಳು ಹೇಳಿದೆ ಎಂದೂ ಹೇಳಿದೆ. ಒಳ್ಳೆಯ ಕಣ್ಣಿಗೆ ಫೋಟೋ ಹತ್ತಿರ ಹಿಡಿದು ನೋಡಿದರು. ಕೆಳಗಿಟ್ಟರು.

"ನನ್ನ ಕೈ ನನಗೆ ಗುರ್ತ ಸಿಕ್ಕುವುದಿಲ್ವಾ?" ಎಂದರು. ದನಿ ಏರಿರಲಿಲ್ಲ.

"ನೆನಪು ತಪ್ಪುತ್ತೆ ಅಂಕಲ್. ನನ್ನದೂ ತಪ್ಪುತ್ತೆ."

"ನಿನ್ನದು ತಪ್ಪಲಿ. ನಿನಗೆ ಬರೆದಿಟ್ಟ ಪುಸ್ತಕ ಉಂಟು. ನನ್ನ ಹತ್ತಿರ ಎಂತ ಉಂಟು?"

ಅವರನ್ನು ಎಡಬದಿಗೆ ಕರೆದುಕೊಂಡು ಹೋದೆ. ಒಂದು ಕೈಯನ್ನು ಹೊರಗಿಟ್ಟು, ಇನ್ನೊಂದನ್ನು ಒಳಗೆ ಹಾಕಿ, ತಗಡನ್ನು ನಡುವೆ ಇಟ್ಟುಕೊಂಡು ಬೆರಳು ಆಡಿಸಿದರು. ಕಣ್ಣು ಮುಚ್ಚಿದ್ದರು. ಬೆಸುಗೆಯ ಜಾಗವನ್ನು ನಾನು ತೋರಿಸಬೇಕಾಗಲಿಲ್ಲ. ಬೆರಳು ಅಲ್ಲೇ ನಿಂತಿತು, ಅದರ ಉದ್ದಕ್ಕೂ ಹೋಯಿತು, ಮತ್ತೆ ಬಂತು.

"ಇದು ಕಲಿತವ ಮಾಡಿದ್ದು," ಎಂದರು. "ಯಾರು?"

"ನೀವೇ ಇರಬೇಕು. ಆ ಶಾಪಿನಲ್ಲಿ ತಗಡಿನ ಕೆಲಸಕ್ಕೆ ನೀವೊಬ್ಬರೇ ಇದ್ದದ್ದು ಅಂತ ನೀವೇ ಹೇಳಿದ್ರಲ್ಲ."

ಹೇಳಿದ ಮೇಲೆ ನನಗೆ ಹೊಳೆಯಿತು. ಅವರ ನೆನಪು ತಪ್ಪೆಂದು ಸಾಧಿಸಿದ ಬಾಯಿಂದಲೇ ಅವರ ನೆನಪನ್ನು ಸಾಕ್ಷಿಯಾಗಿ ತಂದಿದ್ದೆ. ಅವರಿಗೂ ಅದು ಹೊಳೆದಿರಬೇಕು. ಒಂದು ಕ್ಷಣ ನನ್ನನ್ನು ನೋಡಿದರು.

"ನನಗೆ ಇದು ನೆನಪಿಲ್ಲ," ಎಂದರು. "ಒಂಚೂರೂ ಇಲ್ಲ." ಕೈ ಇನ್ನೂ ತಗಡಿನ ಮೇಲೆಯೇ ಇತ್ತು. "ಹಾಗಾದರೆ ಐವತ್ತು ವರ್ಷ ನಾನು ನಾಚಿಕೆಪಟ್ಟದ್ದು ಯಾರ ಕೆಲಸಕ್ಕೆ?"

ಮುಖ್ಯಸ್ಥೆ ದೂರದಲ್ಲಿ ನಿಂತು ಇಂಗ್ಲಿಷಿನಲ್ಲಿ ಏನೋ ಸಮಾಧಾನದ ಮಾತು ಹೇಳಿದರು. ಅಂಕಲ್ ಟವೆಲಿನ ಗಂಟನ್ನು ಎತ್ತಿಕೊಂಡು ಮಗಳ ಕಾರಿಗೆ ಹೋದರು. ಅಂದಿನ ದಿನಚರಿಯಲ್ಲಿ ಒಂದೇ ಸಾಲಿದೆ: "ಹೇಳಿದೆ. ಸರಿಯೋ ತಪ್ಪೋ ಗೊತ್ತಿಲ್ಲ."

ಹೇಗೆ ಆ ತೇಪೆ ಅವರದಾಯಿತು ಎಂದು ನಾನು ಊಹೆ ಮಾಡಿದ್ದೇನೆ. ಎಡಬದಿಯಲ್ಲಿ ಕೆಲಸ ಮಾಡುವಾಗ ಬಲಬದಿಯದನ್ನು ದಿನವೂ ನೋಡಿರುತ್ತಾರೆ. ಹೊಸ ದೇಶ, ಅವಸರದ ಯಜಮಾನ, ಆ ಹೆದರಿಕೆಯ ದಿನಗಳಿಗೆ ಆ ಸೊಟ್ಟ ತೇಪೆಯೇ ಹೆಚ್ಚು ಹೊಂದಿರಬೇಕು. ಚೆನ್ನಾಗಿ ಮಾಡಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲ, ಹಾಗಾಗಿ ಮನಸ್ಸಿಗೂ ಹಿಡಿತ ಸಿಗಲಿಲ್ಲ. ಆದರೆ ಇದು ಊಹೆ. ಅವರ ಬಗ್ಗೆ ಒಂದು ಸಲ ಆಧಾರವಿಲ್ಲದೆ ಬರೆದು ಸಾಕಾಗಿದೆ.

ಎರಡು ವಾರ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಅಧಿಕೃತ ದಾಖಲೆಯನ್ನು ತಿದ್ದಿದೆ. ಮೂರು ರಿವೆಟ್ಟುಗಳನ್ನು ಪರೀಕ್ಷೆಯಿಲ್ಲದೆ ತೆಗೆದದ್ದು ತಪ್ಪು, ತೆಗೆದವಳು ನಾನು ಎಂದು ಹೆಸರು ಸಮೇತ ಬರೆದೆ. ಎಡಬದಿಯ ದುರಸ್ತಿಯ ಮುಂದೆ ಅವರ ಹೆಸರು ಬರೆದು, ಪಕ್ಕದಲ್ಲಿ "ಬಹುಶಃ" ಎಂದು ಸೇರಿಸಿದೆ.

ಆಮೇಲೆ ಒಂದು ಮಧ್ಯಾಹ್ನ ಅವರೇ ಫೋನು ಮಾಡಿದರು. "ಆ ಮೂರು ತೂತು ಹಾಗೇ ಉಂಟಾ?"

"ಇದೆ ಅಂಕಲ್."

"ಮುಚ್ಚುವುದು ಬೇಡವಾ? ನಾನು ಒಳಗೆ ಹಿಡೀತೇನೆ. ನೀನು ಹೊರಗೆ ಹೊಡಿ. ತುಂಡು ತಗಡಿನ ಮೇಲೆ ಅಭ್ಯಾಸ ಮಾಡಿ ಇಟ್ಟುಕೋ, ಮರ್ಯಾದೆ ತೆಗೀಬೇಡ."

ಒಂದು ವಾರ ಅಭ್ಯಾಸ ಮಾಡಿದೆ. ಮುಂದೆ ಯಾರಾದರೂ ನೋಡಿದರೆ ಇವು ನಮ್ಮ ಕಾಲದವೆಂದು ತಿಳಿಯಲಿ ಎಂದು ಹೊಸ ರಿವೆಟ್ಟುಗಳ ಬಾಲದ ಮೇಲೆ ಒಂದೊಂದು ಚುಕ್ಕಿ ಹೊಡೆಯುವುದೆಂದು ಮಾತಾಯಿತು. ಮೇ ತಿಂಗಳ ಬೆಳಿಗ್ಗೆ ಅವರು ಚಕ್ರ ಬಿಚ್ಚಿದ ಜಾಗದಲ್ಲಿ ಸ್ಟೂಲಿನ ಮೇಲೆ ಕೂತು, ಕಬ್ಬಿಣದ ಗಟ್ಟಿ ಹಿಡಿದು ಕೈ ಮೇಲೆತ್ತಿದರು. ನನಗೆ ಅವರ ಮಂಡಿ ಮತ್ತು ಶೂಗಳು ಮಾತ್ರ ಕಾಣುತ್ತಿದ್ದವು.

ಮೊದಲನೆಯದಕ್ಕೆ ಹೊಡೆದು ನಿಲ್ಲಿಸಿದೆ. ಒಂದು ಬಡಿತ. ಇನ್ನೂ ಹೊಡೆದೆ. ಎರಡು ಬಡಿತ. ಸರಿಯಾಯಿತು. ಎರಡನೆಯದು ಒಂದೇ ಸಲಕ್ಕೆ ಕೂತಿತು. ಮೂರನೆಯದು ನನ್ನ ಕೈಯಲ್ಲಿ ಸರಿಯಾಗಿಯೇ ಕೂತಂತೆ ಅನಿಸಿತು. ಆಮೇಲೆ ಬಡಿತ ಬಂತು: ಒಂದು, ಎರಡು, ಮೂರು. ಕೆಟ್ಟಿತು, ತೆಗಿ. ನಾನು ಅವರನ್ನು ಏನೂ ಕೇಳಲಿಲ್ಲ. ಈ ಸಲ ಕೇಳದಿರುವುದು ಸಂಕೋಚದಿಂದ ಆಗಿರಲಿಲ್ಲ. ಒಳಗಿನ ಬಾಲ ಕಾಣುತ್ತಿದ್ದದ್ದು ಅವರಿಗೆ. ಕೊರೆದು ತೆಗೆದು ನೋಡಿದರೆ ಬಾಲ ಒಂದು ಕಡೆಗೆ ವಾಲಿತ್ತು. ಹೊಸದನ್ನು ಹಾಕಿ ಮತ್ತೆ ಹೊಡೆದೆ. ಎರಡು ಬಡಿತ.

ಸಲಕರಣೆಗಳನ್ನು ಒರೆಸಿಡಲು ನಾನು ಬೆಂಚಿನ ಕಡೆ ತಿರುಗಿದೆ. ಸ್ಟೂಲು ನೆಲಕ್ಕೆ ಉಜ್ಜಿದ ಸದ್ದು, ಅವರ ನಿಧಾನದ ಹೆಜ್ಜೆ ಕಾರಿನ ಮುಂದಿನಿಂದ ಹಾದುಹೋದದ್ದು ಕೇಳಿಸಿತು. ಮತ್ತೆ ಸ್ಟೂಲು ಇಟ್ಟ ಸದ್ದು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದೆ. ನಾನು ತಿರುಗಿ ನೋಡಲಿಲ್ಲ.

ಎಡಬದಿಯ ತಗಡಿನ ಒಳಗಿನಿಂದ ಬಡಿತ ಬಂತು. ಒಂದು. ತುಸು ತಡೆದು, ಇನ್ನೊಂದು. ಮೂರನೆಯದಕ್ಕೆ ಕಾದೆ. ಬರಲಿಲ್ಲ.

ಅಂದು ಪಾರ್ಕಿಂಗ್ ಲಾಟಿನಲ್ಲಿ, ಕಾರು ಸ್ಟಾರ್ಟ್ ಮಾಡುವ ಮೊದಲು, ಅದನ್ನು ಬರೆದುಕೊಂಡೆ: ಎಡಗಡೆಯಿಂದ ಎರಡು.